ದುಂಡು ಡಬ್ಬಿಯಲ್ಲಿ ಅರವತ್ತಮೂರು ಮುಖವಾಡ

ಕುರುಕಲು ತಿಂಡಿಯ ಪೊಟ್ಟಣ ಮುಟ್ಟಿಯೇ ಒಳಗೆ ಕಾರ್ಡು ಇದೆಯೋ ಇಲ್ಲವೋ ಎಂದು ಹೇಳಬಲ್ಲವರು ಚನ್ನಪಟ್ಟಣದ ನಮ್ಮ ಶಾಲೆಯಲ್ಲಿ ಇಬ್ಬರೇ ಇದ್ದೆವು. ಒಬ್ಬ ನನ್ನ ಬೆಂಚಿನ ಗೆಳೆಯ. ಅವರದು ಬೊಂಬೆ ಮಾಡುವ ಮನೆ, ಅವನಿಗೆ ಬೆರಳಿನಲ್ಲೇ ಕಣ್ಣಿತ್ತು. ಇನ್ನೊಬ್ಬ ನಾನು. ನನಗೆ ಬೆರಳಿನಲ್ಲಿ ಕಣ್ಣೂ ಇರಲಿಲ್ಲ, ಕಣ್ಣಿನಲ್ಲಿ ನಾಚಿಕೆಯೂ ಇರಲಿಲ್ಲ. ಸುಮ್ಮನೆ ಹಿಸುಕುತ್ತಿದ್ದೆ.

ಶಾಲೆಯ ಎದುರು ಪೆಟ್ಟಿಗೆ ಅಂಗಡಿ ಇಟ್ಟಿದ್ದ ತಾತ ಗೊಗ್ಗರು ದನಿಯಲ್ಲಿ ಗದರಿಸುತ್ತಿದ್ದ.

“ಏಯ್, ಹಿಸುಕ್‌ಬ್ಯಾಡ್ರುಲಾ. ಮಾವಿನಣ್ಣಾ ಅದು, ಹಿಸುಕಿ ತಗಳಕ್ಕೆ?”

ಒಂದು ದಿನ ನಾನು ಅಂಗಡಿಯ ಹಿಂಬದಿಗೆ ನಿಂತು ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದೆ. ಒಳಗೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಅವನ ಹೆಂಡತಿ, “ನೀವೇ ಒಸಿ ಎದ್ದು ಓಡಿಸ್‌ಬಾರ್ದಾ, ಕೂತಲ್ಲೇ ಬಡ್ಕಂಡ್ರೆ ಹೋದಾರಾ?” ಎಂದು ಗಂಡನಿಗೆ ಉತ್ತರ ಕೊಟ್ಟಳು. ಗಂಡ ಆಗ ಅಂಗಡಿಯಲ್ಲೇ ಇರಲಿಲ್ಲ, ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಅಂದಿನಿಂದ ಶಾಲೆಯಲ್ಲಿ ನಾನು ದೊಡ್ಡ ಮನುಷ್ಯ. ಅಲ್ಲಿಯವರೆಗೆ ನಾನು ಲೆಕ್ಕದಲ್ಲಿ ಫೇಲಾಗುವ, ಓಟದಲ್ಲಿ ಕೊನೆಗೆ ಬರುವ, ಕಿವಿ ಅಗಲವಿರುವ ಒಬ್ಬ ಹುಡುಗ ಅಷ್ಟೇ. ಆಮೇಲೂ ಇವೆಲ್ಲ ಹಾಗೆಯೇ ಇದ್ದವು. ಆದರೆ ಜನ ಕಿವಿ ನೋಡುವುದನ್ನು ಬಿಟ್ಟು ಬಾಯಿ ನೋಡತೊಡಗಿದರು.

ಕಾರ್ಡುಗಳು ಒಂದು ಜಪಾನಿ ಕಾರ್ಟೂನಿನವು. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಹಳೆಯ ಸಹಪಾಠಿಗಳು ಮತ್ತೆ ನನ್ನನ್ನು ಆ ಹೆಸರಿನಿಂದಲೇ ಕರೆಯಲು ಶುರುಮಾಡುತ್ತಾರೆ. ಕತೆ ಇಷ್ಟು: ಒಬ್ಬ ಅನಾಥ ಹುಡುಗ ಊರೂರು ತಿರುಗಿ ಮುಖವಾಡಗಳನ್ನು ಕೂಡಿಸುತ್ತಾನೆ. ಯಾವ ಪ್ರಾಣಿಯ ಮುಖವಾಡ ತೊಟ್ಟರೆ ಆ ಪ್ರಾಣಿಯ ಶಕ್ತಿ ಬರುತ್ತದೆ. ಒಟ್ಟು ಅರವತ್ತನಾಲ್ಕು ಮುಖವಾಡ. ಒಂದೊಂದಕ್ಕೂ ಒಂದೊಂದು ಕಾರ್ಡು, ಕುರುಕಲು ತಿಂಡಿಯ ಪೊಟ್ಟಣದೊಳಗೆ ಎಣ್ಣೆ ಹತ್ತಿಸಿಕೊಂಡು ಬರುತ್ತಿತ್ತು. ಕಪ್ಪೆ ಮುಖವಾಡದ ಕಾರ್ಡು ನನ್ನ ಹತ್ತಿರ ಒಂಬತ್ತಿದ್ದವು. ಹುಡುಗನ ಗುರುವಿನದಾದ ಬಿಳಿ ಗೂಬೆ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಮಾಗಡಿಯಲ್ಲಿ ಯಾರಿಗೋ ಸಿಕ್ಕಿತಂತೆ ಎಂದು ಒಬ್ಬ ಹೇಳುವನು. ಕನಕಪುರದ ಅತ್ತೆ ಮನೆಗೆ ಹೋಗಿ ಬಂದವನು, ಅಲ್ಲಿ ಪೊಟ್ಟಣಕ್ಕೊಂದು ಗೂಬೆ ಬರ್ತದೆ ಎಂದು ಆಣೆ ಮಾಡುವನು. ಕೈ ತೋರಿಸು ಅಂದರೆ ಅವನ ಹತ್ತಿರವೂ ಕಪ್ಪೆಯೇ.

ಕಾರ್ಟೂನು ಟಿವಿಯಲ್ಲಿ ಬರುತ್ತಿದ್ದದ್ದು ಹಿಂದಿಯಲ್ಲಿ. ನಮ್ಮ ತರಗತಿಯ ಹಿಂದಿ ‘ಯಹ ಕಲಮ್ ಹೈ’ ದಾಟಿರಲಿಲ್ಲ. ಗೆಳೆಯನ ಮನೆಯಲ್ಲಿ ಉರ್ದು ಆಡುತ್ತಿದ್ದರಿಂದ ಅವನಿಗೆ ಎಲ್ಲ ಅರ್ಥವಾಗುತ್ತಿತ್ತು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅವನು ಹಿಂದಿನ ದಿನದ ಕತೆ ಹೇಳುತ್ತಿದ್ದ, ನಾನು ದನಿ ಕೊಡುತ್ತಿದ್ದೆ. ರಾಕ್ಷಸನಿಗೆ ನಮ್ಮ ಹೆಡ್‌ಮಾಸ್ಟರ ದನಿ, ರಾಕ್ಷಸನ ಹೆಂಡತಿಗೆ ವಿಜ್ಞಾನದ ಮೇಡಂ ದನಿ. ಗುರುವಿಗೆ ಗೆಳೆಯನ ತಂದೆಯ ದನಿ. ಅದು ಅವನ ಅಪ್ಪಣೆ ಪಡೆದೇ ಮಾಡಿದ್ದು. “ಅಬ್ಬಾನ ದನಿ ಗುರುಗೆ ಸರಿಹೋಗ್ತದೆ ಕಣೋ” ಎಂದು ಅವನೇ ಹೇಳಿದ್ದ. ಹೇಳುವಾಗ ಸ್ವಲ್ಪ ಉಬ್ಬಿದ್ದ.

ಸರಿಹೋಗುವಂಥ ದನಿಯೇ ಅದು. ಅವರು ಎಂದೂ ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ. ಮರದ ಪುಡಿ, ಅರಗಿನ ಹೊಗೆ ಎರಡನ್ನೂ ಕುಡಿದ ಎದೆ. ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು, ಬಾಗಿಲು ತಟ್ಟಿ ಒಳಗೆ ಬರುವವರ ಹಾಗೆ. ಆಮೇಲೆ ಮೆತ್ತಗೆ, “ಬಾ ಬೇಟಾ.”

ಭಾನುವಾರ ನಾವು ಏಳೆಂಟು ಹುಡುಗರು ಸೇರುತ್ತಿದ್ದದ್ದು ಅವರ ಮನೆಯ ಅಂಗಳದಲ್ಲೇ. ಒಂದು ಮೂಲೆಯಲ್ಲಿ ಬೊಂಬೆಗೆ ಬೇಕಾದ ಆಲೆ ಮರದ ತುಂಡುಗಳು ಒಣಗುತ್ತಿದ್ದವು, ಇನ್ನೊಂದು ಮೂಲೆಯ ಶೆಡ್ಡಿನಲ್ಲಿ ಮರ ಕಡೆಯುವ ಅವರ ಲೇತು ತಿರುಗುತ್ತಿತ್ತು. ನನ್ನವೂ ಅವನವೂ ಕಾರ್ಡುಗಳನ್ನು ಒಂದೇ ಕಡೆ ಸೇರಿಸಿಡೋಣ ಎಂದು ನಾವಿಬ್ಬರು ತೀರ್ಮಾನಿಸಿದಾಗ ಡಬ್ಬಿ ಮಾಡಿಕೊಟ್ಟವರು ಅವರೇ. ನಾವು ಕೇಳಿದ್ದು ಕಾರ್ಡಿನ ಅಳತೆಯ ಉದ್ದನೆ ಡಬ್ಬಿ. ಬಂದದ್ದು ದುಂಡು ಡಬ್ಬಿ. ತಳ ಕೆಂಪು, ಮುಚ್ಚಳ ಹಳದಿ, ತಾಳೆಗರಿಯಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ನುಣುಪು ಮಾಡಿದ್ದರು.

“ಲೇತಲ್ಲಿ ಚೌಕ ಬರಲ್ಲ ಬೇಟಾ,” ಎಂದರು. “ತಿರುಗೋದೆಲ್ಲ ದುಂಡಗೇ ಆಗ್ಬುಡ್ತದೆ.”

ಚೌಕದ ಕಾರ್ಡುಗಳನ್ನು ದುಂಡು ಡಬ್ಬಿಯಲ್ಲಿ ನಿಲ್ಲಿಸಿದರೆ ನಾಲ್ಕು ಕಡೆ ನಾಲ್ಕು ಸಂದು ಉಳಿಯುತ್ತಿತ್ತು. ಆ ಸಂದುಗಳಿಗೆ ಒಂಬತ್ತು ಕಪ್ಪೆಗಳಲ್ಲಿ ಎಂಟನ್ನು ಮಡಿಸಿ ತುರುಕಿದೆವು. ಡಬ್ಬಿ ಅವನ ಮನೆಯಲ್ಲಿರುತ್ತಿತ್ತು. ಮುಚ್ಚಳ ತೆಗೆದಾಗಲೆಲ್ಲ ಅರಗಿನ ವಾಸನೆ ಬರುತ್ತಿತ್ತು. ಆರನೇ ತರಗತಿ ಮುಗಿಯುವಷ್ಟರಲ್ಲಿ ಅರವತ್ತಮೂರು ಮುಖವಾಡ ಸೇರಿದವು. ಗೂಬೆಯೊಂದು ಬಾಕಿ.

ಮುಂದಿನ ವರ್ಷ ಪುಸ್ತಕ ಬಂತು.

ಬಿಡದಿಯ ಹತ್ತಿರ ನಮ್ಮ ತಾತನ ಕಾಲದ ಹೊಲ ಇತ್ತು. ಕಾರ್ಖಾನೆಗಳ ಬೇಲಿ ವರ್ಷಕ್ಕಿಷ್ಟು ಸರಿಯುತ್ತ ಅದನ್ನೂ ಒಳಗೆ ಹಾಕಿಕೊಂಡಿತು. ರಾಗಿ ಬೆಳೆಯುತ್ತಿದ್ದ ಕಡೆ ಕಾರು ಬೆಳೆಯತೊಡಗಿತು. ಅಪ್ಪ ಗೋಳಾಡುವ ಪೈಕಿ ಅಲ್ಲ. ಡ್ರೈವಿಂಗ್ ಕಲಿತು, ಜಪಾನಿನಿಂದ ಬಂದಿದ್ದ ಇಂಜಿನಿಯರುಗಳನ್ನು ಬೆಂಗಳೂರಿನಿಂದ ಬಿಡದಿಗೆ ಕರೆತರುವ ಕೆಲಸ ಹಿಡಿದರು. ಆ ಜನ ದಾರಿಯುದ್ದಕ್ಕೂ ಓದುತ್ತಿದ್ದರಂತೆ. ಒಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಸೀಟಿನ ಹಿಂದಿನ ಜೇಬಿನಲ್ಲಿ ಒಂದು ದಪ್ಪ ಪುಸ್ತಕ ಬಿಟ್ಟುಹೋದ.

“ಇದೇನ್ರೀ, ರದ್ದಿ ಹೊತ್ಕಂಡ್ ಬಂದಿದ್ದೀರಾ?” ಎಂದಳು ಅಮ್ಮ.

“ರದ್ದಿ ಅಲ್ಲ ಕಣೆ. ಇವನು ಸಂಜೆಯೆಲ್ಲ ಬಾಯ್ ಬಿಟ್ಕಂಡು ನೋಡ್ತಾನಲ್ಲ, ಅದೇ ಹುಡ್ಗ.”

ಅದೇ ಹುಡುಗನೇ. ಇಟ್ಟಿಗೆಯಷ್ಟು ದಪ್ಪದ, ಪುಟದ ತುಂಬ ಕಪ್ಪುಬಿಳುಪು ಚಿತ್ರಗಳಿದ್ದ ಪುಸ್ತಕ. ಅಕ್ಷರಗಳು ಕಟ್ಟಿಗೆಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ನನಗೂ ಓದಲು ಬಾರದು, ಗೆಳೆಯನಿಗೂ ಬಾರದು. ನಿಜ ಹೇಳುತ್ತೇನೆ, ಆಗ ನನಗೆ ಮೊದಲು ಹೊಳೆದದ್ದು ಅದೇ: ಇನ್ನು ಮೇಲೆ ಕತೆಗೆ ಇವನು ಬೇಕಾಗಿಲ್ಲ.

ನಾನು ಪುಸ್ತಕವನ್ನು ಎಲ್ಲ ಪುಸ್ತಕ ತೆರೆಯುವ ಹಾಗೆ ತೆರೆದೆ. ಮೊದಲ ಪುಟದಲ್ಲೇ ಗುರು ಹಿಮದಲ್ಲಿ ಸತ್ತು ಬಿದ್ದಿದ್ದ, ಪಕ್ಕದಲ್ಲಿ ಗೂಬೆಯ ಮುಖವಾಡ ಹಿಡಿದುಕೊಂಡು ಹುಡುಗ ಅಳುತ್ತಿದ್ದ. ಭಾರಿ ಜೋರಾಗಿ ಶುರುವಾಗಿದೆ ಅಂದುಕೊಂಡೆ. ಪುಟ ತಿರುಗಿಸಿದ ಹಾಗೆಲ್ಲ ಗುರುವಿನ ಗಾಯ ಮಾಯತೊಡಗಿತು. ಸುಟ್ಟ ಊರು ಎದ್ದು ನಿಂತಿತು. ಕೊನೆಯ ಪುಟದಲ್ಲಿ ಗುರು ಗಟ್ಟಿಮುಟ್ಟಾಗಿ ನಿಂತು, ನಗುನಗುತ್ತ ಹುಡುಗನಿಗೆ ಮುಖವಾಡ ಕೊಡುತ್ತಿದ್ದ. ನಾನು ತೀರ್ಮಾನಿಸಿಬಿಟ್ಟೆ: ಬಿಳಿ ಗೂಬೆಯ ಶಕ್ತಿ ಸತ್ತವರನ್ನು ಎಬ್ಬಿಸುವುದು.

ಭಾನುವಾರ ಅಂಗಳದಲ್ಲಿ ಮರದ ತುಂಡಿನ ಮೇಲೆ ನಿಂತು ಆ ಕತೆಯನ್ನು ಆಡಿದೆ. ಗುರು ಮೊದಲ ಬಾರಿ ಕಣ್ಣು ಬಿಡುವ ಕಡೆ ಸುಮ್ಮನಾಗಿ, ಎಲ್ಲರೂ ಉಸಿರು ಹಿಡಿದ ಮೇಲೆ, ಆ ಸಣ್ಣ ಕೆಮ್ಮು ಕೆಮ್ಮಿದೆ. “ಬಾ ಬೇಟಾ.” ಹುಡುಗರು ಚಪ್ಪಾಳೆ ತಟ್ಟಿದರು. ಮುಂದಿನ ಭಾನುವಾರ ಹದಿನೈದು ಜನ ಬಂದರು. ಅದರ ಮುಂದಿನ ವಾರ ಅಕ್ಕಪಕ್ಕದ ಬೀದಿಯವರೂ ಬಂದರು. ಶೆಡ್ಡಿನೊಳಗೆ ಗೆಳೆಯನ ತಂದೆ ಲೇತಿನ ಸದ್ದಿನ ನಡುವೆ ತಮ್ಮ ದನಿ ತಾವೇ ಕೇಳಿ ನಗುತ್ತಿದ್ದರು. ಗೆಳೆಯ ಮಾತ್ರ ಮರದ ರಾಶಿಯ ಮೇಲೆ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಏನೋ ಲೆಕ್ಕ ತಪ್ಪಿದವನ ಹಾಗೆ ನೋಡುತ್ತಿದ್ದ.

ಮೂರನೆಯ ಭಾನುವಾರ ಎಲ್ಲರೂ ಹೋದ ಮೇಲೆ ಕೇಳಿದ.

“ಪುಸ್ತಕ ಒಂದ್ ವಾರ ಕೊಡ್ತೀಯಾ?”

“ಯಾಕ್ಲಾ, ನಿಂಗೂ ಜಪಾನಿ ಬತ್ತದಾ?”

“ಸುಮ್ನೆ, ನೋಡಕ್ಕೆ.”

ಕೊಟ್ಟೆ. ಕೊಡುವ ಮೊದಲು ಒಂದು ಕೆಲಸ ಮಾಡಿದೆ. ಅವನು ಯಾಕೆ ಕೇಳಿದನೋ ಎಂಬ ಅನುಮಾನಕ್ಕೆ, ಮನೆಯ ಜಗುಲಿಯಲ್ಲಿ ಕೂತು ಪುಸ್ತಕವನ್ನು ಹಿಂದುಮುಂದು ಮಾಡಿ ನೋಡಿದೆ. ಬಲಗಡೆಯ ರಟ್ಟಿನಿಂದ ತೆರೆದು ಹತ್ತು ಪುಟ ತಿರುಗಿಸಿದೆ, ಅಷ್ಟೇ. ಎಲ್ಲ ಸರಿಯಾಗಿ ಕೂತಿತು. ಎತ್ತಿದ ಕತ್ತಿ ಆಮೇಲೆ ಬೀಳುತ್ತಿತ್ತು. ಕಾಲಿಟ್ಟ ಮೇಲೆ ಹಿಮದಲ್ಲಿ ಹೆಜ್ಜೆ ಮೂಡುತ್ತಿತ್ತು. ನನಗೆ ಗೊತ್ತಾಯಿತು. ಗೊತ್ತಾಗಿಲ್ಲ ಎಂಬಂತೆ ಪುಸ್ತಕ ಮುಚ್ಚಿ, ಅವನ ಕೈಗೆ ಕೊಟ್ಟೆ. ಈ ವಿಷಯವನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅವನು ಬೆಳಿಗ್ಗೆ ನಮ್ಮ ಜೊತೆ ಎಡದಿಂದ ಬಲಕ್ಕೆ ಓದುತ್ತಿದ್ದ, ಸಂಜೆ ಉರ್ದು ಕಲಿಯಲು ಹೋಗಿ ಬಲದಿಂದ ಎಡಕ್ಕೆ ಓದುತ್ತಿದ್ದ. ಎರಡು ಕಡೆಯಿಂದಲೂ ಪುಸ್ತಕ ತೆರೆದು ಅಭ್ಯಾಸವಿದ್ದವನು ನಮ್ಮ ಗುಂಪಿನಲ್ಲಿ ಅವನೊಬ್ಬನೇ. ಮುಂದಿನ ಭಾನುವಾರ ನಾನು ಮರದ ತುಂಡಿನ ಮೇಲೆ ಹತ್ತಿದ ಕೂಡಲೇ ಅವನು ಎದ್ದು ನಿಂತ.

“ಇದು ಆ ಕಡೆಯಿಂದಲ್ಲ ಕಣೋ,” ಎಂದ. ಪುಸ್ತಕವನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. “ಈ ಕಡೆಯಿಂದ ಓದ್ಬೇಕು. ನಮ್ ಉರ್ದು ಪುಸ್ತಕ ಹಿಂಗೇ. ಇದೂ ಹಂಗೇ ಐತೆ, ನೋಡ್ರಿ.”

ಮುಂದಿನ ಸಾಲಿನಲ್ಲಿ ಕೂತಿದ್ದ ರೈಸ್‌ಮಿಲ್ಲಿನವರ ಹುಡುಗ ಕೇಳಿದ. “ಅಂದ್ರೆ ಏನಾತದೆ?”

“ಗುರು ಮೊದ್ಲು ಮುಖವಾಡ ಕೊಡ್ತಾನೆ. ಆಮೇಲೆ ಸಾಯ್ತಾನೆ.”

“ಎದ್ದು ಬರಲ್ವಾ?”

“ಇಲ್ಲ.”

“ಆಮೇಲಾದ್ರೂ?”

“ಆಮೇಲೆ ಪುಟಾನೇ ಇಲ್ಲ ಕಣೋ.”

ಹುಡುಗರ ಮುಖ ಸಪ್ಪಗಾಯಿತು. ಅವರಿಗೆ ಗುರು ಬದುಕಬೇಕಿತ್ತು. ನನಗೆ ನನ್ನ ಮರದ ತುಂಡು ಬೇಕಿತ್ತು. ಆ ಗುರುವಿಗೆ ತನ್ನ ತಂದೆಯ ದನಿ ಇದ್ದರೂ, ಸತ್ತದ್ದನ್ನು ಸತ್ತ ಎಂದೇ ಹೇಳಲು ಗೆಳೆಯನಿಗೆ ಎಷ್ಟು ಕಷ್ಟವಾಗಿತ್ತೋ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಇದ್ದಿದ್ದರೂ ಉಪಯೋಗಿಸುತ್ತಿರಲಿಲ್ಲ.

“ಓಹೋ, ಇವರ ಮನೇಲಿ ಎಲ್ಲಾ ಹಿಂದಿನಿಂದ ಮುಂದಕ್ಕೆ ಕಣ್ರಪ್ಪ,” ಎಂದೆ.

ಒಬ್ಬ ಕಿಸಕ್ಕೆಂದ. ಒಬ್ಬ ನಕ್ಕರೆ ನನಗೆ ಸಾಕು, ಉಳಿದದ್ದು ಬಾಯಿ ತಾನೇ ನೋಡಿಕೊಳ್ಳುತ್ತದೆ. ಗೆಳೆಯ ಶಾಲೆಗೆ ಹಿಂದುಹಿಂದಕ್ಕೆ ನಡೆದು ಬರುವುದನ್ನು ಮಾಡಿ ತೋರಿಸಿದೆ. ಊಟ ಮಾಡಿದ್ದನ್ನು ತುತ್ತು ತುತ್ತಾಗಿ ತಟ್ಟೆಗೆ ವಾಪಸು ಇಡುವುದನ್ನು ಮಾಡಿದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಗು ಒಂದು ಕ್ಷಣ ಇಳಿದಂತೆ ಕಂಡಿತು, ನನಗೆ ಅದನ್ನು ಮತ್ತೆ ಏರಿಸಬೇಕಿತ್ತು. ಲೇತಿನ ಮುಂದೆ ಕೂತವನ ಹಾಗೆ ಬೆನ್ನು ಗೂನು ಮಾಡಿದೆ.

“ಇವರಪ್ಪ ಲೇತು ಹಿಂದಕ್ಕೆ ತಿರುಗಿಸ್ತಾರೆ. ಬೊಂಬೆ ಹೋಗಿ ಮರ ಆಗ್ಬುಡ್ತದೆ. ಕೆಮ್ಮು ಹೊರಕ್ಕೆ ಬರಲ್ಲ, ಒಳಕ್ಕೆ ಹೋಗ್ತದೆ.”

ಕೆಮ್ಮನ್ನು ಒಳಕ್ಕೆ ಎಳೆದುಕೊಳ್ಳುವ ಒಂದು ಸದ್ದು ಮಾಡಿದೆ. ಬಾವಿಯ ಹಗ್ಗ ರಾಟೆಗೆ ಸಿಕ್ಕಿಕೊಂಡಂಥ ಸದ್ದು. ಕಣ್ಣು ಮೇಲಕ್ಕೆ ಮಾಡಿ, ನಾಲಿಗೆ ಒಳಗೆ ಎಳೆದು, ಮತ್ತೆ ಮತ್ತೆ ಮಾಡಿದೆ. ಅದು ನನ್ನ ಜೀವನದ ಅತಿ ದೊಡ್ಡ ನಗು. ಆಮೇಲೆ ಯಾವ ವೇದಿಕೆಯಲ್ಲೂ ಅಂಥ ನಗು ನನಗೆ ಸಿಕ್ಕಿಲ್ಲ.

ನಗುವಿನ ನಡುವೆ ಲೇತಿನ ಸದ್ದು ನಿಂತಿತು. ಗೆಳೆಯನ ತಂದೆ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಹುಬ್ಬಿನ ಮೇಲೆಲ್ಲ ಮರದ ಪುಡಿ. ಒಂದು ಸಣ್ಣ ಕೆಮ್ಮು ಕೆಮ್ಮಿದರು. ಹುಡುಗರು ಅದಕ್ಕೂ ನಕ್ಕರು.

“ಅರೆ,” ಎಂದರು. ಮುಖದಲ್ಲಿ ನಗುವಿತ್ತು. “ನಾನು ಹಿಂಗೇ ಕೆಮ್ತೀನಾ?”

ಬೈದಿದ್ದರೆ ಚೆನ್ನಾಗಿತ್ತು. ಅವರು ನಕ್ಕರು. ಮಗನ ಗೆಳೆಯರ ಮುಂದೆ ಮಗನಿಗೆ ಮುಜುಗರವಾಗಬಾರದು ಎಂದು ನಕ್ಕರು. ಅವರ ಮಗ ಅವರನ್ನೇ ನೋಡುತ್ತಿದ್ದ. ಆಮೇಲೆ ಪುಸ್ತಕ ತಂದು ನನ್ನ ಕಾಲ ಹತ್ತಿರ ಇಟ್ಟ.

“ಇವತ್ತಿಗೆ ಸಾಕು. ಎಲ್ಲ ಮನೇಗ್ ಹೋಗ್ರಿ.”

ಸೋಮವಾರ ಅವನು ಕಿಟಕಿಯ ಪಕ್ಕದ ಬೆಂಚಿಗೆ ಹೋಗಿ ಕೂತಿದ್ದ. ನನ್ನ ಬೆಂಚಿನ ಮೇಲೆ ದುಂಡು ಡಬ್ಬಿ ಇತ್ತು. ಮುಚ್ಚಳ ತೆಗೆದು ನೋಡಿದೆ. ಅವನ ಪಾಲಿನವೂ ಸೇರಿ ಅರವತ್ತಮೂರೂ ಇದ್ದವು. ಎಂಟು ಕಪ್ಪೆಗಳೂ ಸಂದುಗಳಲ್ಲಿ ಹಾಗೇ ಇದ್ದವು. ಯಾವ ಜಗಳಕ್ಕೂ ನನ್ನ ಹತ್ತಿರ ಒಂದು ದನಿ ಇತ್ತು. ಜಗಳವನ್ನೇ ಆಡದವನಿಗೆ ಯಾವ ದನಿಯಲ್ಲಿ ಉತ್ತರಿಸುವುದು?

ಅಂಗಳವಿಲ್ಲದ ಮೇಲೆ ಪುಸ್ತಕದ ಆಟವೂ ನಿಂತಿತು. ಶಾಲೆಯ ಮೈದಾನದಲ್ಲಿ ಎರಡು ಸಲ ಆಡಿದೆ. ಗುರು ಕಣ್ಣು ಬಿಡುವ ಕಡೆ ರೈಸ್‌ಮಿಲ್ಲಿನವರ ಹುಡುಗ, “ಸುಳ್ಳು ಕಣ್ಲಾ, ಅವನು ಸತ್ತೋಗಿರ್ತಾನೆ” ಎಂದ. ನಗಬೇಕಾದಾಗ ನಕ್ಕವರು, ನಂಬಬೇಕಾದಾಗ ಗೆಳೆಯನನ್ನೇ ನಂಬಿದ್ದರು.

ಬಿಳಿ ಗೂಬೆ ಸಿಕ್ಕಿದ್ದು ಆ ಬೇಸಿಗೆಯಲ್ಲಿ, ರಾಮನಗರದಲ್ಲಿ. ನನ್ನ ಸೋದರಮಾವ ರೇಷ್ಮೆಗೂಡು ತುಂಬಿದ ಚೀಲಗಳ ಜೊತೆ ನನ್ನನ್ನೂ ಗೂಡಿನ ಮಾರುಕಟ್ಟೆಗೆ ಕರೆದೊಯ್ದಿದ್ದ. ಅಲ್ಲಿ ನೂಲು ತೆಗೆಯುವವರೊಬ್ಬರ ಮಗ ಗೋಡೆಗೆ ಒರಗಿ ಕಾರ್ಡು ಜೋಡಿಸುತ್ತಿದ್ದ. ಅವನ ಹತ್ತಿರ ಗೂಬೆ ಎರಡಿದ್ದವು. ನನ್ನ ಜೇಬಿನಲ್ಲಿದ್ದದ್ದು ಮಾಮೂಲಿ ಕಪ್ಪೆ ಒಂದೇ.

“ಕಪ್ಪೆ ಯಾರಿಗ್ ಬೇಕು?” ಎಂದ. “ಬೇರೆ ಏನೈತೆ?”

ನಾನು ಬಾಯಿ ತೋರಿಸಿದೆ. ಹರಾಜು ಕೂಗುವವನನ್ನು, ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ ಮುಖ ಸಿಂಡರಿಸುವ ವ್ಯಾಪಾರಿಯನ್ನು, ದರ ಕೇಳಿ ಟವೆಲು ಕೊಡವಿ ಎದ್ದುಹೋಗುವ ನನ್ನ ಮಾವನನ್ನೇ ಮಾಡಿ ತೋರಿಸಿದೆ. ಹುಡುಗ ನಕ್ಕು ನಕ್ಕು ಗೂಬೆ ಕೊಟ್ಟ. ಮಾವ ಹಿಂದೆಯೇ ನಿಂತಿದ್ದ, ತಲೆಗೊಂದು ಮೊಟಕಿದ. ಆ ಮೊಟಕೂ ಸೇರಿ ಲಾಭವೇ.

ಮರುದಿನ ಗೂಬೆಯನ್ನು ನೋಟುಪುಸ್ತಕದ ಹಾಳೆಯಲ್ಲಿ ಸುತ್ತಿ ಗೆಳೆಯನ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿದೆ. ಬಾಗಿಲು ತೆರೆದವನು ಅವನೇ. ಶೆಡ್ಡಿನಲ್ಲಿ ಲೇತು ಓಡುತ್ತಿರಲಿಲ್ಲ. ಅವನ ತಂದೆ ಒಳಗೆ ಮಲಗಿದ್ದರು, ಕೆಮ್ಮು ಕೇಳಿಸುತ್ತಿತ್ತು. ಈಗದು ಸಣ್ಣದಾಗಿರಲಿಲ್ಲ.

ನಾನು ಕಾರ್ಡು ಮುಂದೆ ಹಿಡಿದೆ. ಅವನ ಕಣ್ಣು ಒಂದು ಸಲ ಅದರ ಮೇಲೆ ಬಿತ್ತು, ಅಷ್ಟು ಹೊತ್ತು ಅದು ಹಳೆಯ ಕಣ್ಣೇ. ನಾನು ಬಾಯಿ ತೆರೆದೆ. ಹೊರಬಂದದ್ದು ಕಾರ್ಟೂನಿನ ಹುಡುಗನ ದನಿ. ತಲೆ ಬಗ್ಗಿಸಿ, ಕೈ ಎದೆಗಿಟ್ಟುಕೊಂಡು, ಅವನು ಗುರುವಿನ ಮುಂದೆ ಹೇಳುವ ಹಾಗೆ, “ನನ್ನಿಂದ ತಪ್ಪಾಯಿತು, ಕ್ಷಮೆಯಿರಲಿ” ಎಂದೆ.

“ನಿನ್ ದನೀಲಿ ಹೇಳು,” ಎಂದ ಅವನು.

ಪ್ರಯತ್ನ ಮಾಡಿದೆ. ಬಾಯಿಗೆ ಹೆಡ್‌ಮಾಸ್ಟರು ಬಂದರು. ಅಂಗಡಿಯ ತಾತ ಬಂದ. ನನ್ನ ದನಿ ಹೇಗಿದೆ ಎಂದು ಹುಡುಕುತ್ತ, ಗಾಬರಿಯಲ್ಲಿ, “ನಿನ್ ದನೀಲಿ ಹೇಳು” ಎಂದು ಅವನದೇ ಮಾತನ್ನು ಅವನದೇ ದನಿಯಲ್ಲಿ ತಿರುಗಿ ಹೇಳಿಬಿಟ್ಟೆ. ಅಣಕಿಸಬೇಕೆಂದು ಅಲ್ಲ. ಬೇರೆ ಏನೂ ಬರಲಿಲ್ಲ, ಅಷ್ಟೇ. ಅದನ್ನು ಅವನು ನಂಬಬೇಕಾಗಿಯೂ ಇರಲಿಲ್ಲ.

ಅವನು ಬಾಗಿಲು ಹಾಕಿದ. ಜೋರಾಗಿ ಅಲ್ಲ. ಒಳಗೆ ಮಲಗಿದ್ದವರಿಗೆ ತೊಂದರೆಯಾಗದ ಹಾಗೆ ಹಾಕಿದ.

ಆಮೇಲಿನದು ಎಲ್ಲರ ಮನೆಯ ಕತೆ. ಹತ್ತನೇ ತರಗತಿ ಹೇಗೋ ದಾಟಿ, ಐಟಿಐ ಮಾಡಿ, ಬಿಡದಿಯ ಒಂದು ಬಿಡಿಭಾಗದ ಕಾರ್ಖಾನೆಗೆ ಗುತ್ತಿಗೆಯ ಮೇಲೆ ಸೇರಿದೆ. ತಾತನ ಹೊಲ ಇದ್ದ ಕಡೆಯಿಂದ ಅದು ದೂರವೇನಿಲ್ಲ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಚನ್ನಪಟ್ಟಣದಿಂದ ಹೊರಟರೆ ರಾಮನಗರ ದಾಟುವವರೆಗೆ ನನ್ನ ಕಚೇರಿ. ಮ್ಯಾನೇಜರು, ಸೂಪರ್‌ವೈಸರು, ಕ್ಯಾಂಟೀನಿನ ಭಟ್ಟರು, ಎಲ್ಲರೂ ನನ್ನ ಗಂಟಲಿನಲ್ಲಿ ಡ್ಯೂಟಿ ಮಾಡುತ್ತಿದ್ದರು. ಒಂದು ದಿನ ಮ್ಯಾನೇಜರನ್ನು ಮಾಡಿ ಮುಗಿಸಿ ನೋಡುತ್ತೇನೆ, ಎದುರಿನ ಕಿಟಕಿಯ ಪಕ್ಕ ಅವನು ಕೂತಿದ್ದಾನೆ. ಮೀಸೆ ಬಂದಿತ್ತು. ಹೊರಗೆ ನೋಡುತ್ತಿದ್ದ.

ಎದ್ದು ಹೋಗಿ ಪಕ್ಕದಲ್ಲಿ ನಿಂತೆ.

“ಎಲ್ಲಿ ಕೆಲ್ಸ?” ಎಂದೆ. ಬಂದ ದನಿ ನನ್ನದೇ ಇರಬೇಕು. ಸೊರಗಿತ್ತು.

“ಬಿಡದೀಲೇ. ಕಾರಿಗೆ ಪ್ಲಾಸ್ಟಿಕ್ ಭಾಗ ಮಾಡ್ತಾರಲ್ಲ, ಅಲ್ಲಿ ಚೆಕಿಂಗು. ಅಂಚು ಸವರಿ ನೋಡೋದು, ತರಿ ಐತಾ ಅಂತ.”

ಬೆರಳಿನಲ್ಲಿ ಕಣ್ಣಿದ್ದವನಿಗೆ ಆ ಕೆಲಸ ಸಿಕ್ಕಿತ್ತು.

“ಅಬ್ಬಾ ಹೆಂಗವ್ರೆ?”

“ಹೋಗಿ ಎರಡ್ ವರ್ಷ ಆಯ್ತು.”

ರೈಲು ರಾಮನಗರದಲ್ಲಿ ನಿಂತಿತು, ಜನ ಹತ್ತಿದರು, ಇಳಿದರು. ನನಗೆ ಗೊತ್ತೇ ಇರಲಿಲ್ಲ. ಒಂದೇ ಊರು, ನಡುವೆ ನಾಲ್ಕು ಬೀದಿ. ಊರವರ ಕೆಮ್ಮು, ನಡಿಗೆ, ತೊದಲು ಎಲ್ಲ ಇಟ್ಟುಕೊಂಡಿದ್ದ ನನಗೆ ಒಬ್ಬರು ಸತ್ತದ್ದು ಗೊತ್ತಾಗಿರಲಿಲ್ಲ. ರೈಲು ಮತ್ತೆ ಹೊರಟಾಗ ಅವನೇ ಕೇಳಿದ.

“ಡಬ್ಬಿ ಐತಾ?”

“ಐತೆ. ಕಾರ್ಡೂ ಎಲ್ಲ ಐತೆ.”

“ಕಾರ್ಡ್ ನೀನೇ ಇಟ್ಕೊ. ಡಬ್ಬಿ ಬೇಕು. ಅಬ್ಬಾ ಮಾಡಿದ್ದು ಮನೇಲಿ ಒಂದೂ ಉಳಿದಿಲ್ಲ, ಎಲ್ಲ ಮಾರೋದಕ್ಕೇ ಮಾಡಿದ್ದಲ್ವಾ.”

ಮನೆಗೆ ಹೋಗಿ ಡಬ್ಬಿ ಹುಡುಕಿದೆ. ಅಟ್ಟದ ಮೇಲೆ, ಆ ಜಪಾನಿ ಪುಸ್ತಕದ ಪಕ್ಕದಲ್ಲಿತ್ತು. ಕಾರ್ಡುಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಸುರಿದೆ. ಅಂದಿನಿಂದ ನೋಟುಪುಸ್ತಕದ ಹಾಳೆಯಲ್ಲೇ ಉಳಿದಿದ್ದ ಬಿಳಿ ಗೂಬೆಯೊಂದನ್ನು ಮಾತ್ರ ಡಬ್ಬಿಯೊಳಗೆ ಇಟ್ಟೆ. ಬಾಯಲ್ಲಿ ಹೇಳಲಾಗದ್ದು ಹಾಗಾದರೂ ತಲುಪಲಿ ಎಂದು. ಮರುದಿನ ರೈಲಿನಲ್ಲಿ ಅವನಿಗೆ ಕೊಟ್ಟೆ.

ಅವನು ಮೊದಲು ತೆರೆಯಲಿಲ್ಲ. ಅಂಚಿನ ಸುತ್ತ ಹೆಬ್ಬೆರಳು ಓಡಿಸಿದ. ಕಾರ್ಖಾನೆಯಲ್ಲಿ ದಿನವಿಡೀ ತರಿ ಹುಡುಕುವ ಬೆರಳು, ಪೂರ್ತಿ ಒಂದು ಸುತ್ತು ಬಂದು ಎಲ್ಲೂ ನಿಲ್ಲಲಿಲ್ಲ. ಆಮೇಲೆ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ಗೂಬೆಯನ್ನು ನೋಡಿದ. ಹೊರತೆಗೆದು ನನ್ನ ಕೈಗಿಟ್ಟ.

“ಇದು ನಿಂದು.”

ರೈಲು ರಾಮನಗರ ಬಿಟ್ಟಿತ್ತು. ಹಿಂದಿನ ಸೀಟಿನವರು, “ಲೇ, ಇವತ್ತು ಸೂಪರ್‌ವೈಸರ್ ಬರಲ್ವೇನ್ಲಾ?” ಎಂದು ಕೂಗುತ್ತಿದ್ದರು. ಅವನು ನನ್ನನ್ನು ನೋಡದೆ, ಮುಚ್ಚಳ ಹಾಕುತ್ತ ಹೇಳಿದ.

“ಅಬ್ಬಾನ ದನಿ ಮಾಡ್ತಿದ್ದೆಯಲ್ಲ.”

ನಾನು ಗೂಬೆಯನ್ನು ಜೇಬಿಗೆ ಹಾಕಿಕೊಂಡೆ.

“ಒಂದ್ಸಲ ಮಾಡು. ‘ಬಾ ಬೇಟಾ’ ಅನ್ನೋದು. ಫೋನಲ್ಲಿ, ಟೇಪಲ್ಲಿ ಏನೂ ಇಲ್ಲ. ಅಮ್ಮೀನೂ ಹೇಳ್ತಿರ್ತಾಳೆ, ದನಿ ಮರೆತೋಗ್ತಾ ಐತೆ ಅಂತ.”

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಅಷ್ಟು ನಂಬಿ ಏನನ್ನೂ ಕೇಳಿರಲಿಲ್ಲ. ಸುತ್ತ ಯಾರು ನಗುತ್ತಾರೆ, ಯಾರು ನೋಡುತ್ತಾರೆ ಎಂದೂ ಗಮನಿಸದೆ, ಕಣ್ಣು ಮುಚ್ಚಿ, ಅಂಗಳ ನೆನೆದೆ, ಶೆಡ್ಡಿನ ಬಾಗಿಲು, ಹುಬ್ಬಿನ ಮೇಲಿನ ಮರದ ಪುಡಿ ನೆನೆದೆ. ಬಾಗಿಲು ತಟ್ಟುವ ಹಾಗಿದ್ದ ಆ ಸಣ್ಣ ಕೆಮ್ಮನ್ನು ಹುಡುಕಿದೆ. ಗಂಟಲು ಸರಿಮಾಡಿಕೊಂಡು ಕೆಮ್ಮಿದೆ.

ಬಂದದ್ದು ಆ ಭಾನುವಾರದ್ದು. ಹಗ್ಗ ರಾಟೆಗೆ ಸಿಕ್ಕಿಕೊಂಡಂಥ, ಒಳಕ್ಕೆ ಎಳೆದುಕೊಂಡ ಕೆಮ್ಮು. ಮತ್ತೆ ಪ್ರಯತ್ನಿಸಿದೆ, ಮತ್ತೆ ಅದೇ. ಹಿಂದಿನ ಸೀಟಿನವರು ನಕ್ಕರು. ಅಂದು ನಗಿಸಲು ಅಷ್ಟು ಸಲ ಮಾಡಿದ್ದೆನಲ್ಲ, ಅದು ನಿಜವಾದದ್ದನ್ನು ತಿಂದು ಅಲ್ಲೇ ಕೂತುಬಿಟ್ಟಿತ್ತು. “ಬಾ ಬೇಟಾ” ಎಂದೆ. ಅದು ಯಾರ ದನಿಯೂ ಆಗಿರಲಿಲ್ಲ.

ಅವನು ಕೊನೆಯವರೆಗೆ ಕೇಳಿದ. ತಲೆಯಾಡಿಸಿದ.

“ಹಿಂಗಿರ್ಲಿಲ್ಲ,” ಎಂದ.

ಬಿಡದಿ ಬಂತು. ಡಬ್ಬಿಯನ್ನು ಊಟದ ಬ್ಯಾಗಿಗೆ ಹಾಕಿಕೊಂಡು, ಜಿಪ್ಪು ಎಳೆದು, ಗುಂಪಿನ ಜೊತೆ ಇಳಿದುಹೋದ. ನಾನು ಕೆಲಸಕ್ಕೆ ಹೋದೆ. ಜೇಬಿನಲ್ಲಿ ಬಿಳಿ ಗೂಬೆ ಇತ್ತು, ಮನೆಯ ಅಟ್ಟದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅರವತ್ತಮೂರು. ಸಂಜೆ ಹೋಗಿ ಅದನ್ನೂ ಅವುಗಳ ಜೊತೆ ಹಾಕಿದೆ. ಅರವತ್ತನಾಲ್ಕಾದವು.